ಸಹಾಯ ಬೇಕು: ಐಟಿಸಿ ಒಳಗಿನವರ ಷೇರು ಮಾರಾಟ ಓದೋದು ಹೇಗೆ?

ನಮಸ್ಕಾರ. ಅಪ್ಪ ಕೊಂಡಿಟ್ಟ ಐಟಿಸಿ ಷೇರು ಈಗ ನನ್ನ ಹೆಸರಲ್ಲಿವೆ. ನಿರ್ದೇಶಕರು, ದೊಡ್ಡ ಅಧಿಕಾರಿಗಳು ಒಂದು ತ್ರೈಮಾಸಿಕದಲ್ಲಿ 10 ಲಕ್ಷ ರೂಪಾಯಿ ದಾಟಿ ಷೇರು ಕೊಂಡರೆ, ಮಾರಿದರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ನಿಯಮದಂತೆ ತಿಳಿಸಬೇಕು. ಆ ಪಟ್ಟಿಯನ್ನು ಕೂತು ನೋಡುತ್ತೇನೆ. 'ಇಸಾಪ್' (ಕಂಪನಿ ತನ್ನ ನೌಕರರಿಗೆ ಕೊಡುವ ಷೇರು) ಅಂತ ಇದ್ದರೆ ಬಿಡುತ್ತೇನೆ, ಅದು ಸಂಬಳದ ಭಾಗ ಅಲ್ವಾ. ಸ್ವಂತ ದುಡ್ಡಲ್ಲಿ ಕೊಂಡಿದ್ದರೆ ಮಾತ್ರ ಗಮನ ಕೊಡುತ್ತೇನೆ.

ಆದರೆ ಸಿಗರೇಟು, ಆಶೀರ್ವಾದ್ ಹಿಟ್ಟು, ಕಾಗದ ಎಲ್ಲಾ ಒಂದೇ ಷೇರಿನೊಳಗೆ. ಕಾಗದ ವಿಭಾಗದವರು ಮಾರಿದರೆ ಕಾಗದಕ್ಕೆ ಕಷ್ಟ ಅಂತಲಾ, ಸುಮ್ನೆ ಮಗಳ ಮದುವೆಗಾ? ಐಟಿಸಿಗೆ ಪ್ರವರ್ತಕರೂ (ಕಂಪನಿ ಮೇಲೆ ಹಿಡಿತ ಇರುವ ಮಾಲೀಕರು) ಇಲ್ಲ. ದೊಡ್ಡ ಷೇರುದಾರ ಬ್ಯಾಟ್ (ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ) 2024ರ ಮಾರ್ಚ್‌ನಲ್ಲಿ ಐಟಿಸಿಯ 3.5% ಷೇರು ಮಾರಿದ್ದು ತನ್ನದೇ ಕಂಪನಿಯ ಷೇರು ಬೈಬ್ಯಾಕ್‌ಗೆ, ಅಂದರೆ ಮರಳಿ ಕೊಳ್ಳೋಕೆ. ಯಾವ ಮಾರಾಟಕ್ಕೆ ನಿಜವಾಗಿ ಹೆದರಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.