ಲಿವರ್ ಸಿಟಿ: ಗಡ್ಡೆ ಸೆಗ್ಮೆಂಟ್ 8ರದ್ದೋ, 5ರದ್ದೋ?

ಪಿಜಿ_ಎರಡನೇ_ವರ್ಷ:
ಲಿವರಿನ ಸಿಟಿ ಸ್ಕ್ಯಾನ್, ಪೋರ್ಟಲ್ ಫೇಸ್ (ಕಾಂಟ್ರಾಸ್ಟ್ ಔಷಧಿ ಲಿವರಿನ ವೇನುಗಳಿಗೆ ತಲುಪಿದ ಹೊತ್ತು), 5 ಮಿ.ಮೀ. ಆಕ್ಸಿಯಲ್ (ಅಡ್ಡ ಕತ್ತರಿಸಿದ) ಸ್ಲೈಸ್. ಲಿವರಿಂದ ರಕ್ತ ಹೊರಗೊಯ್ಯುವ ಮಿಡ್ಲ್ ಮತ್ತು ರೈಟ್ ಹೆಪಾಟಿಕ್ ವೇನ್‌ಗಳ ನಡುವೆ 2 ಸೆಂ.ಮೀ. ಗಡ್ಡೆ ಇದೆ, ಅಂದರೆ ಲಿವರಿನ ಎಂಟು ಸೆಗ್ಮೆಂಟುಗಳಲ್ಲಿ (ಭಾಗಗಳಲ್ಲಿ) 8 ಇಲ್ಲವೇ 5. ಪೋರ್ಟಲ್ ವೇನ್ (ಲಿವರಿಗೆ ರಕ್ತ ತರುವ ನಾಳ) ಮಟ್ಟದಿಂದ ಮೇಲೆ 8, ಕೆಳಗೆ 5 ಅಂತ ಓದಿದ್ದೇನೆ. ಆದರೆ ಗಡ್ಡೆ ಇರುವ ಸ್ಲೈಸಲ್ಲೇ ಎಡ ಪೋರ್ಟಲ್ ವೇನ್ ಕಾಣ್ತಿದೆ, ಬಲದ್ದು ಇನ್ನೂ ಬಂದಿಲ್ಲ. ಯಾವುದನ್ನು ಮಟ್ಟ ಅಂತ ಹಿಡಿಯಲಿ? ಎಡಗಡೆ 2, 3, 4ರ ಗಡಿಯೂ ಗೊಂದಲವೇ.

ಹೊಟ್ಟೆ_ಸಿಟಿ:
ಬಲಭಾಗದ ಗಡ್ಡೆಗೆ ಬಲ ಪೋರ್ಟಲ್ ವೇನನ್ನೇ ಹಿಡಿಯಿರಿ. ಎಡದ್ದು ಸಾಮಾನ್ಯವಾಗಿ ಬಲದ್ದಕ್ಕಿಂತ ಮೇಲಿರುತ್ತೆ. ಎರಡನ್ನೂ ಒಂದೇ ಅಡ್ಡಗೆರೆಯಲ್ಲಿ ಕತ್ತರಿಸಿದ ಚಿತ್ರ ಪುಸ್ತಕಕ್ಕೆ ಸರಿ, ಲಿವರ್ ಹಾಗೆ ಕೂತಿರಲ್ಲ. ನೀವು ಹೇಳಿದ ಸ್ಲೈಸ್ ಬಲಗಡೆಗೆ ಇನ್ನೂ ಮೇಲ್ಭಾಗವೇ, ಹಾಗಾಗಿ ಮೊದಲ ಅಂದಾಜು 8.

ಅಲ್ಲಿಗೇ ನಿಲ್ಲಬೇಡಿ. 1ರಿಂದ 1.5 ಮಿ.ಮೀ. ಸ್ಲೈಸ್ ತೆಗೆದುಕೊಂಡು ಬಲ ಪೋರ್ಟಲ್ ವೇನಿಂದ ಆಂಟೀರಿಯರ್ (ಮುಂದಿನ) ಕವಲಿಗೆ ಹೋಗಿ. ಅದರಿಂದ ಮೇಲಕ್ಕೆ ಹೋಗುವ ಕೊಂಬೆ 8ರದ್ದು, ಕೆಳಕ್ಕೆ ಇಳಿಯೋದು 5ರದ್ದು. ಗಡ್ಡೆಯ ಪಕ್ಕದ ಕೊಂಬೆ ಯಾವುದರಿಂದ ಬಂತು ಅಂತ ಸ್ಕ್ರೋಲ್ ಮಾಡುತ್ತಾ ಹಿಂದಕ್ಕೆ ಹುಡುಕಿ. ಕೊರೊನಲ್ (ಮುಂದಿನಿಂದ ನೋಡುವ) ಚಿತ್ರದಲ್ಲಿ 10 ಮಿ.ಮೀ. ದಪ್ಪದ ಎಂಐಪಿ (ಆ ದಪ್ಪದೊಳಗೆ ಅತಿ ಹೆಚ್ಚು ಹೊಳೆಯುವುದನ್ನಷ್ಟೇ ತೋರಿಸುವ ಚಿತ್ರ) ಹಾಕಿದರೆ ಕವಲು ಒಂದೇ ಚಿತ್ರದಲ್ಲಿ ಸಿಗುತ್ತೆ. ಕೊಂಬೆಗೂ ಅಂದಾಜಿಗೂ ಜಗಳ ಬಂದರೆ ಕೊಂಬೆಯನ್ನೇ ನಂಬಿ.

ಸೆಗ್ಮೆಂಟ್_ನಾಲ್ಕು:
ಎಡಗಡೆಯ ತಪ್ಪು ಎಲ್ಲರೂ ಮಾಡೋದೇ: ಲೆಫ್ಟ್ ಹೆಪಾಟಿಕ್ ವೇನನ್ನು 4ರ ಗಡಿ ಅಂತ ಹಿಡೀತಾರೆ. ಗಡಿ ಅದಲ್ಲ. ಎಡ ಪೋರ್ಟಲ್ ವೇನಿನ ಅಂಬಿಲಿಕಲ್ ಭಾಗ ಮತ್ತು ಫಾಲ್ಸಿಫಾರ್ಮ್ ಲಿಗಮೆಂಟ್ (ಲಿವರನ್ನು ಹೊಟ್ಟೆಯ ಮುಂಗೋಡೆಗೆ ಕಟ್ಟುವ ಪೊರೆ) ಇರೋ ಸೀಳು ನೋಡಿ. ಅದರ ಬಲಕ್ಕೆ 4, ಎಡಕ್ಕೆ 2 ಮತ್ತು 3. ಲೆಫ್ಟ್ ಹೆಪಾಟಿಕ್ ವೇನ್ ಹೆಚ್ಚಾಗಿ 2 ಮತ್ತು 3ರ ನಡುವೆ ಹೋಗುತ್ತೆ. ಹಿಂದೆ-ಮೇಲೆ 2, ಮುಂದೆ-ಕೆಳಗೆ 3. 4ಕ್ಕೂ ಬಲ ಲೋಬಿಗೂ ಗಡಿ ಮಿಡ್ಲ್ ಹೆಪಾಟಿಕ್ ವೇನ್. ಕೆಳಗೆ ಅದು ತೆಳುವಾದ ಮೇಲೆ ಐವಿಸಿಯಿಂದ (ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ವೇನ್) ಪಿತ್ತಕೋಶದ ಗುಂಡಿಗೆ ಗೆರೆ ಎಳೆದುಕೊಳ್ಳಿ.

ಐವಿಸಿಯ ಮುಂದೆ, ಲಿಗಮೆಂಟಮ್ ವೀನೋಸಮ್ (ಭ್ರೂಣದಲ್ಲಿದ್ದ ರಕ್ತನಾಳ ಮುಚ್ಚಿ ಉಳಿದ ನಾರು) ಸೀಳಿನ ಹಿಂದೆ ಇರೋದು 1, ಅಂದರೆ ಕಾಡೇಟ್ ಲೋಬ್. ಅದರ ಪ್ಯಾಪಿಲರಿ ಭಾಗ (ಚಾಚಿಕೊಂಡ ಉಬ್ಬು) ಕೆಳಗಿನ ಸ್ಲೈಸಲ್ಲಿ ಬಿಡಿಯಾಗಿ, ಪ್ಯಾಂಕ್ರಿಯಾಸ್ ತಲೆಯ ಹತ್ತಿರದ ಲಿಂಫ್ ನೋಡ್ ಥರ ಕಾಣುತ್ತೆ. ಮೇಲಕ್ಕೆ ಸ್ಕ್ರೋಲ್ ಮಾಡಿದರೆ ಲಿವರಿಗೇ ಅಂಟಿಕೊಂಡಿರುತ್ತೆ.

ಪಿಜಿ_ಎರಡನೇ_ವರ್ಷ:
ಮೇಲಕ್ಕೆ ಹೋಗುವ ಕೊಂಬೆಯೇ, 8 ಸರ್. ಆದರೆ ಕೆಳಗಿನ ಸ್ಲೈಸುಗಳಲ್ಲಿ ಗಡಿಯಾಗಬೇಕಾದ ರೈಟ್ ಹೆಪಾಟಿಕ್ ವೇನ್ ಮಾಯ. 5 ಮತ್ತು 6 ಹೇಗೆ ಬೇರೆ ಮಾಡೋದು?

ಹೊಟ್ಟೆ_ಸಿಟಿ:
ಮೊದಲು ಫೇಸ್ ನೋಡಿ. ಇಂಜೆಕ್ಷನ್ ಶುರುವಾಗಿ 35 ಸೆಕೆಂಡಿನ ಹೊತ್ತಿಗೆ ಹೆಪಾಟಿಕ್ ವೇನ್‌ಗೆ ಕಾಂಟ್ರಾಸ್ಟ್ ಬಂದೇ ಇರಲ್ಲ. 70 ಸೆಕೆಂಡಿನ ಸುತ್ತ ತೆಗೆದದ್ದು ಬೇಕು. ಫೇಸ್ ಸರಿಯಿದ್ದೂ ವೇನ್ ಸಣ್ಣದಾಗಿದ್ದರೆ, ಬಲ ಲೋಬಿನ ಕೆಳಗಿಂದ ನೇರ ಐವಿಸಿಗೆ ಸೇರುವ ಇನ್ಫೀರಿಯರ್ ರೈಟ್ ಹೆಪಾಟಿಕ್ ವೇನ್ ಇದೆಯಾ ಹುಡುಕಿ. ಅದನ್ನೇ 5-6ರ ಗಡಿ ಅಂದುಕೊಳ್ಳಬೇಡಿ, ಅದು ಹೆಚ್ಚಾಗಿ 6ರ ರಕ್ತ ಒಯ್ಯೋದು. ಇಲ್ಲೂ ಪೋರ್ಟಲ್ ಕೊಂಬೆಯೇ ಗತಿ: ಆಂಟೀರಿಯರ್ ಕವಲಿಂದ ಬಂದರೆ 5, ಪೋಸ್ಟೀರಿಯರ್ (ಹಿಂದಿನ) ಕವಲಿಂದ ಇಳಿದರೆ 6. ಆ ವೇನ್ ಇದ್ದರೆ ರಿಪೋರ್ಟಲ್ಲಿ ವ್ಯಾಸದ ಸಮೇತ ಬರೆಯಿರಿ, ಸರ್ಜನ್ ಮೊದಲು ಕೇಳೋದೇ ಅದನ್ನ.