ಸಹಾಯ ಬೇಕು: ಮೇಷ್ಟ್ರಿಗೆ ಆನ್‌ಲೈನ್ ಪಾಠ ಹೇಳಿಕೊಡೋಕೆ ಜೊತೆಯಾಗ್ತೀರಾ?

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದಲ್ಲಿ ಎಂ.ಎಸ್ಸಿ. ಓದುತ್ತಿರುವ ನಾಲ್ವರು. ಇಂಡಿ, ಸಿಂದಗಿ ಕಡೆಯ ಹನ್ನೊಂದು ಶಿಕ್ಷಕರಿಗೆ ಸಂಜೆ ಹೊತ್ತು ಆನ್‌ಲೈನ್ ಕ್ಲಾಸ್ ಮಾಡುವುದನ್ನು ತೋರಿಸುತ್ತಿದ್ದೇವೆ. ಪಾಠ ಮಾಡೋದನ್ನ ಅವರಿಗೆ ನಾವೇನು ಕಲಿಸೋದು ಬಿಡಿ, ತಕರಾರೆಲ್ಲ ಫೋನಿಂದು.

ಮೊನ್ನೆ ಗಣಿತದ ಅಕ್ಕೋರೊಬ್ಬರು ಎರಡು ಸ್ಟೀಲ್ ಡಬ್ಬಿ ನಡುವೆ ಫೋನ್ ಸಿಗಿಸಿ ಕರಿಹಲಗೆ ತೋರಿಸಿದರು. ಕಿಟಕಿ ಬಿಸಿಲು ಬಿದ್ದು ಒಂದಕ್ಷರವೂ ಕಾಣಲಿಲ್ಲ. ಡಬ್ಬಿಗಳ ಮೇಲೆ ಸ್ಕೇಲ್ ಅಡ್ಡ ಇಟ್ಟು, ಫೋನ್ ಕೆಳಮುಖ ಮಾಡಿ, ಹಾಳೆ ಮೇಲೆ ಬರೆಯಿರಿ ಅಂದೆವು. ಲೆಕ್ಕ ಚೆನ್ನಾಗಿ ಕಂಡಿತು!

ಪುಕ್ಕಟೆ ಜೂಮ್ 40 ನಿಮಿಷಕ್ಕೆ ನಿಂತುಬಿಡುತ್ತೆ. ಅದಕ್ಕೆ ಗೂಗಲ್ ಮೀಟ್ ಹಿಡಿದಿದ್ದೇವೆ, ಒಂದು ತಾಸು ಸಿಗುತ್ತೆ. ಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ (ಸರ್ಕಾರದ ಕಲಿಕಾ ಆ್ಯಪ್) ವಿಡಿಯೋ ತೆರೆಯೋದೂ ಅವರಿಗೆ ಬಂತು.

ನಿಜವಾದ ತೊಂದರೆ ಬೇರೆ. ಅಪ್ಪ ಹೊಲದಿಂದ ಬಂದಮೇಲೇ ಮಕ್ಕಳ ಕೈಗೆ ಫೋನ್. ಲೈವ್ ಕ್ಲಾಸ್‌ಗೆ ಯಾರು ಬರ್ತಾರೆ? ಐದು ನಿಮಿಷದ ಪಾಠ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಬೇಕು ಅಂತಿದ್ದೇವೆ. ವಿಡಿಯೋ ಎಡಿಟ್ ಮಾಡೋದನ್ನ ಕನ್ನಡದಲ್ಲಿ ಸುಲಭವಾಗಿ ಹೇಳಿಕೊಡಬಲ್ಲವರು ಭಾನುವಾರ ಎರಡು ತಾಸು ಕೊಡ್ತೀರಾ? ಮನೆಯಲ್ಲಿ ಸುಮ್ನೆ ಬಿದ್ದಿರುವ ಫೋನ್ ಸ್ಟ್ಯಾಂಡ್, ಇಯರ್‌ಫೋನ್ ಇದ್ದರೂ ತಿಳಿಸಿ. ಗೋಳಗುಮ್ಮಟದ ಹತ್ತಿರ ಎಲ್ಲಿಗೆ ಹೇಳಿದರೂ ಬಂದು ತಗೊಳ್ತೇವೆ.