ಅಪ್‌ಡೇಟ್: ಒಬಿಎಸ್‌ನಲ್ಲಿ ಮೈಕ್ ಈಗ ಕೋಡ್‌ನಿಂದಲೇ ಬದಲಾಗುತ್ತಿದೆ

ಬಸವನಗುಡಿಯಲ್ಲಿ ಅಕ್ಕ ಆನ್‌ಲೈನ್ ವೀಣೆ ಪಾಠ ಮಾಡುತ್ತಾರೆ. ಒಬಿಎಸ್‌ನಲ್ಲಿ (ವಿಡಿಯೋ ರೆಕಾರ್ಡಿಂಗ್, ಲೈವ್‌ಗೆ ಬಳಸುವ ಉಚಿತ ಸಾಫ್ಟ್‌ವೇರ್) ಮಾತಿನ ಮೈಕ್‌ನಿಂದ ವೀಣೆಯ ಮೈಕ್‌ಗೆ ಪೈಥಾನ್ ಕೋಡ್‌ನಿಂದ ಬದಲಿಸೋದು ಹೇಗೆ ಅಂತ ಕೇಳಿದ್ದೆ. ಕೆಲಸ ಆಯ್ತು! ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಒಬಿಎಸ್ 28ನೇ ಆವೃತ್ತಿಯಿಂದ ವೆಬ್‌ಸಾಕೆಟ್ (ಹೊರಗಿನ ಕೋಡ್ ಒಬಿಎಸ್‌ಗೆ ಆದೇಶ ಕಳಿಸುವ ದಾರಿ) ಜೊತೆಯಲ್ಲೇ ಬರುತ್ತದೆ, ಬೇರೆ ಪ್ಲಗಿನ್ ಬೇಡ. ಟೂಲ್ಸ್ ಮೆನುವಿನಲ್ಲಿ ಆನ್ ಮಾಡಿ 4455 ಪೋರ್ಟ್‌ಗೆ ಕನೆಕ್ಟ್ ಆಗಿ. ಆಮೇಲೆ 'ಸೆಟ್‌ಇನ್‌ಪುಟ್‌ಸೆಟ್ಟಿಂಗ್ಸ್' ಅನ್ನೋ ರಿಕ್ವೆಸ್ಟ್‌ನಲ್ಲಿ ಡಿವೈಸ್ ಐಡಿ (ಮೈಕ್‌ನ ಗುರುತಿನ ಕೋಡ್) ಕಳಿಸಬೇಕು. ಇದೇ ಮುಖ್ಯ. ಮೈಕ್‌ನ ಹೆಸರು ಸಾಲದು. ವಿಂಡೋಸ್‌ನಲ್ಲಿ ಆ ಐಡಿ ಅಂಕಿ, ಅಕ್ಷರ, ಬ್ರಾಕೆಟ್ ಸೇರಿದ ಉದ್ದ ಸಾಲು. ಸುಮ್ನೆ ಕೈಯಲ್ಲಿ ಟೈಪ್ ಮಾಡಬೇಡಿ, ಒಬಿಎಸ್‌ನಿಂದಲೇ ಪಟ್ಟಿ ತರಿಸಿಕೊಳ್ಳಿ.

ವಾಲ್ಯೂಮನ್ನು ಡೆಸಿಬಲ್‌ನಲ್ಲೇ ಕೊಡಬಹುದು. ವೀಣೆಗೆ ಮೈನಸ್ 6 ಇಟ್ಟಿದ್ದೇನೆ. ಮೀಟು ಜೋರಾದರೂ ಸದ್ದು ಒಡೆಯುತ್ತಿಲ್ಲ, ಗಮಕ ಚೆನ್ನಾಗಿ ಕೇಳುತ್ತದೆ.